ಅನ್ನದ ಮೇಲಿನ ಒದ್ದೆ ಪಂಚೆ

ಹನ್ನೊಂದು ಗಂಟೆ ನಲವತ್ತು ನಿಮಿಷ. ಪ್ರತಿ ಕವಿಗೂ ಐದೇ ನಿಮಿಷ ಎಂದು ನಿರೂಪಕರು ಮೊದಲೇ ಎಚ್ಚರಿಸಿದ್ದರಿಂದ ಮೊಬೈಲನ್ನು ಕಣ್ಣೆದುರೇ ಇಟ್ಟುಕೊಂಡು ಪದ್ಯ ಓದುತ್ತಿದ್ದೆ. ಹಾಗಾಗಿ ಸಮಯ ನೆನಪಿದೆ. ಎರಡನೆಯ ಚರಣ ಮುಗಿಸಿ ತಲೆಯೆತ್ತಿದೆ. ಶಾಮಿಯಾನದ ಆಚೆ, ಬಿಸಿಲಲ್ಲಿ ಒಂದು ಕಲ್ಲಿನ ಮೇಲೆ ಕುಳಿತಿದ್ದ ಅಪ್ಪ ಎದ್ದು ನಿಂತಿದ್ದ. ನನ್ನ ಕಡೆ ನೋಡಲಿಲ್ಲ. ಬೆನ್ನು ತಿರುಗಿಸಿ ಹೊರಟುಹೋದ.

ನಾನು ಆಗಷ್ಟೇ ಓದಿದ ಸಾಲುಗಳು ಇವು:

ಅಟ್ಟದ ಕಾಯಿ ಒಂದೊಂದನ್ನೂ
ಕಿವಿಗೆ ಹಿಡಿದು ಅಲ್ಲಾಡಿಸಿ
ಒಳಗಿನ ಮಾತು ಕೇಳುವ ಅಪ್ಪ
ನನ್ನ ಎದೆಗೆ ಮಾತ್ರ
ಎಂದೂ ಕಿವಿಗೊಟ್ಟವನಲ್ಲ.

ಇದನ್ನು ಕೇಳಿಯೇ ಎದ್ದ ಎಂದುಕೊಂಡೆ. ಎದುರಿಗೆ ಕೂತವರಿಗೆ ಅವನು ನನ್ನ ಅಪ್ಪ ಎಂದು ಗೊತ್ತಿರಲಿಲ್ಲ. ಯಾರೋ ಹಳ್ಳಿಯವರು ಬೀಡಿ ಸೇದಲು ಎದ್ದರು ಎಂದುಕೊಂಡಿರಬೇಕು. ನಾನು ಮೂರನೆಯ ಚರಣಕ್ಕೆ ಹೋದೆ.

ನಮ್ಮದು ಅರಸೀಕೆರೆಯ ಅಂಚಿನಲ್ಲಿರುವ ಮನೆ. ಕೊಬ್ಬರಿಯಿಂದ ಬದುಕುವ ಮನೆ. ತೆಂಗಿನಕಾಯನ್ನು ಸುಮಾರು ಒಂದು ವರ್ಷ ಅಟ್ಟದ ಮೇಲೆ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಾಗ ಕಾಯನ್ನು ಅಲ್ಲಾಡಿಸಿದರೆ ಗೊಡಗೊಡ ಸದ್ದು ಬರುತ್ತದೆ. ಅಪ್ಪ ಕಿವಿಗೆ ಹಿಡಿದು ಕೇಳುವುದು ಆ ಸದ್ದನ್ನು. ನಾನು ಬೇಲೂರಿನಲ್ಲಿ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ಪದ್ಯ ಬರೆಯುತ್ತೇನೆ. ಸುತ್ತಮುತ್ತ ಕವಿಗೋಷ್ಠಿ ಇದ್ದಾಗ ಯಾರಾದರೂ ಕರೆಯುತ್ತಾರೆ.

ನಾನು ಎಲ್ಲೇ ಪದ್ಯ ಓದಲಿ, ಅಪ್ಪ ಬರುತ್ತಿದ್ದ. ನಾನು ಬಾ ಎಂದವಳಲ್ಲ, ಅವನು ಬರುತ್ತೇನೆ ಎಂದವನೂ ಅಲ್ಲ. ಮೊದಲ ಬಸ್ಸಿಗೆ ಹೊರಟು ನನಗಿಂತ ಮುಂಚೆ ಬಂದು ಮೈಕಿನವನನ್ನು ಹುಡುಕಿ ಟೀ ಕೊಡಿಸುತ್ತಿದ್ದ. ಓದುವ ಮುಂಚೆ ಭಯಕ್ಕೆ ನನಗೆ ಏನೂ ಸೇರುವುದಿಲ್ಲವೆಂದು ಒಂದು ಡಬ್ಬಿಯಲ್ಲಿ ಮೊಸರನ್ನ, ಗಂಟಲಿಗೆಂದು ಫ್ಲಾಸ್ಕಿನಲ್ಲಿ ಜೀರಿಗೆ ನೀರು ತರುತ್ತಿದ್ದ. ಅದನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ನನ್ನ ಕುರ್ಚಿಯ ಪಕ್ಕ ಚೀಲ ಇಟ್ಟು, ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಎಲ್ಲರಿಗಿಂತ ಹಿಂದೆ ಹೋಗಿ ಕೂರುತ್ತಿದ್ದ. ಪದ್ಯದ ಬಗ್ಗೆ ಒಂದು ಮಾತೂ ಇಲ್ಲ. ಮನೆಗೆ ಹೋದ ಮೇಲೆ ಅವ್ವ ಕೆಣಕುತ್ತಿದ್ದಳು.

"ಮಗಳು ಓದುದ್ಲಲ್ಲ, ಹೆಂಗಿತ್ತು?"

"ಮೈಕು ಸರಿ ಇರ್ಲಿಲ್ಲ."

"ಮೈಕ್ ಕೇಳಕ್ಕೆ ಹೋಗಿದ್ರೋ, ಮಗಳ್ನ ಕೇಳಕ್ಕೆ ಹೋಗಿದ್ರೋ?"

"ಮೈಕ್ ಇಲ್ದೆ ಮಗಳು ಕೇಳುಸ್ತಾಳಾ? ಸುಮ್ನಿರು."

ನಾಲ್ಕನೆಯ ಕ್ಲಾಸಿನಲ್ಲಿ ನಾನು ಶಾಲೆಯ ವೇದಿಕೆಯ ಮೇಲೆ ಪದ್ಯ ಹೇಳುವಾಗ ಮುಂದೆ ಕೂತಿದ್ದ ಅಪ್ಪನ ಮುಖ ನೋಡಿ ಅರ್ಧಕ್ಕೇ ಮರೆತು ಅತ್ತಿದ್ದೆ. ಅಂದಿನಿಂದ ನಾನು ಓದುವಾಗ ಅಪ್ಪ ನನ್ನನ್ನು ನೋಡುವುದಿಲ್ಲ. ಸಭಾಂಗಣವಾದರೆ ಫ್ಯಾನು ನೋಡುತ್ತಾನೆ, ಬಯಲಾದರೆ ಮರ ನೋಡುತ್ತಾನೆ. ಒಮ್ಮೆ ಕೇಳಿದ್ದೆ, ಯಾಕಪ್ಪ ಹಾಗೆ ಎಂದು. "ನಾನ್ ನೋಡುದ್ರೆ ನಿಂಗೆ ತಪ್ಪೋಯ್ತದೆ ಕಣವ್ವ" ಎಂದ. ಇಷ್ಟು ವರ್ಷವಾದರೂ ಹಾಗೇ ನಡೆದುಕೊಂಡು ಬಂದ.

ಆ ದಿನವೂ ಅವನು ಮೇಲೆ ನೋಡುತ್ತಿದ್ದ. ಅದಕ್ಕೇ ಅವನಿಗೆ ಮಾತ್ರ ಕಂಡಿತು.

ಗೋಷ್ಠಿ ನಡೆದದ್ದು ಹಳೇಬೀಡಿನಲ್ಲಿ, ಕೆರೆಗೆ ಸ್ವಲ್ಪ ದೂರದ ಒಂದು ಬಯಲಿನಲ್ಲಿ. ಶಾಮಿಯಾನದ ಹಿಂದುಗಡೆ ದೊಡ್ಡ ಬೂರುಗದ ಮರ. ಕೊಂಬೆಗಳ ಕೆಳಗೆ ಕಪ್ಪು ಕಂಬಳಿಯ ತುಂಡುಗಳನ್ನು ಒಣಹಾಕಿದ ಹಾಗೆ ಹೆಜ್ಜೇನಿನ ಹುಟ್ಟುಗಳು ನೇತಾಡುತ್ತಿದ್ದವು. ನಾವೆಲ್ಲ ಬಂದ ಕೂಡಲೇ ನೋಡಿದ್ದೆವು. ಸಂಘಟಕರೊಬ್ಬರು ನಕ್ಕು, "ಇವು ನಮ್ಮೂರಿನವೇ ಬಿಡಿ ಮೇಡಂ, ವರ್ಷವರ್ಷ ಕವನ ಕೇಳಿ ಕೇಳಿ ಸಾಧು ಆಗವೆ" ಎಂದರು. ನಾನೂ ನಕ್ಕೆ. ಹಗರೆಯಿಂದ ಬಂದ ಅಡುಗೆಯವರೊಬ್ಬರು ಊಟಕ್ಕೆ ಅಲ್ಲೇ ಅಡುಗೆ ನಡೆಸಿದ್ದರು. ಬೆಳಿಗ್ಗೆ ಒಲೆಗಳು ದೂರದಲ್ಲೇ ಇದ್ದವು. ಕೆರೆಯ ಕಡೆಯಿಂದ ಗಾಳಿ ಬೀಸಿ ಉರಿ ನಿಲ್ಲದಿದ್ದಾಗ ಒಂದು ಒಲೆಯನ್ನು ಮರದ ಬುಡದ ಮರೆಗೆ ತಂದರು. ಸೌದೆ ಸಾಲದೆ ಬಂದಾಗ ಯಾರೋ ತೆಂಗಿನ ಮಟ್ಟೆ ತಂದು ಸುರಿದರು. ಹಸಿ ಮಟ್ಟೆ. ನಮ್ಮ ಕಡೆ ಮಟ್ಟೆಗೇನು ಬರ, ಎಲ್ಲಿ ಕೈಹಾಕಿದರೂ ಸಿಗುತ್ತದೆ. ಒಣಗಿದೆಯೋ ಇಲ್ಲವೋ ಎಂದು ಯಾರು ನೋಡುತ್ತಾರೆ? ದಟ್ಟ ಹಳದಿ ಹೊಗೆ ನೇರ ಮೇಲಕ್ಕೆ ಹೋಯಿತು.

ಅಪ್ಪ ಎದ್ದು ಹೋದದ್ದು ಒಲೆ ಸರಿಸಿ ಎಂದು ಹೇಳಲು.

ಅವನು ಒಲೆಯ ಹತ್ತಿರ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಮೊದಲು ಸದ್ದು ಬಂತು. ಮೈಕು ಕೆಟ್ಟಿತು ಎಂದುಕೊಂಡೆ. ಕೈಯಿಂದ ತಟ್ಟಿಯೂ ನೋಡಿದೆ. ಆಮೇಲೆ ಶಾಮಿಯಾನದ ಆಚೆ ಬಿಸಿಲು ಮಂಕಾಯಿತು. ಒಬ್ಬ ಹೆಂಗಸು ತಲೆಗೂದಲನ್ನು ಎರಡೂ ಕೈಯಲ್ಲಿ ಹೊಡೆದುಕೊಳ್ಳುತ್ತಾ ಕುರ್ಚಿಗಳ ಮೇಲೆ ಬಿದ್ದಳು. ಜನ ಎದ್ದು ಓಡಿದರು. ನಾನು ಓಡಲಿಲ್ಲ. ಈಗ ಎಷ್ಟು ಸಲ ಅದನ್ನು ಮನಸ್ಸಿನಲ್ಲಿ ನಡೆಸಿ ನೋಡಿದರೂ ನಾನು ಅಲ್ಲೇ ನಿಂತಿದ್ದೇನೆ, ಹಾಳೆ ಕೈಯಲ್ಲಿ ಹಿಡಿದು, ಎಲ್ಲವೂ ಇನ್ನೊಬ್ಬರಿಗೆ ಆಗುತ್ತಿರುವ ಹಾಗೆ ನೋಡುತ್ತಾ.

ಅಪ್ಪ ಜನಕ್ಕೆ ಎದುರಾಗಿ ಬಂದ. ಎಲ್ಲರೂ ಹೊರಗೆ ಓಡುತ್ತಿದ್ದರೆ ಅವನೊಬ್ಬ ಒಳಗೆ. ಕೈಯಲ್ಲಿ ಒಂದು ಒದ್ದೆ ಪಂಚೆ. ವೇದಿಕೆ ಹತ್ತಿ ಅದನ್ನು ನನ್ನ ತಲೆಯಿಂದ ಕೆಳಗೆ ಮುಚ್ಚಿ, ನನ್ನನ್ನು ಎಳೆದುಕೊಂಡು ಇಳಿದು, ಹಲಗೆಯ ಕೆಳಗಿನ ಸಂದಿಗೆ ತಳ್ಳಿದ. ಆ ಸಂದಿಯ ಬಾಯಿಗೆ ತನ್ನ ಬೆನ್ನು ಕೊಟ್ಟು ಕೂತ. ಪಂಚೆ ಬಿಸಿಯಾಗಿತ್ತು, ಗಂಜಿಯ ವಾಸನೆ ಇತ್ತು. ಬೇಯುವ ಅನ್ನದ ಮೇಲೆ ಹೊದಿಸುವ ಬಟ್ಟೆ ಅದು ಎಂದು ಆಗಲೇ ಗೊತ್ತಾಯಿತು.

"ಬಾಯ್ ಮುಚ್ಕೊ. ಅಲ್ಲಾಡ್ಬ್ಯಾಡ" ಎಂದ.

ಆಮೇಲೆ ಅವನು ಮಾತಾಡಲಿಲ್ಲ, ಕೂಗಲಿಲ್ಲ. ಬಟ್ಟೆಯ ಮೂಲಕ ಅವನ ಬೆನ್ನು ಆಗಾಗ ಸೆಟೆದುಕೊಳ್ಳುವುದು ನನ್ನ ಹಣೆಗೆ ತಗಲುತ್ತಿತ್ತು. ಎಷ್ಟು ಹೊತ್ತು, ಗೊತ್ತಿಲ್ಲ. ಮೊಬೈಲು ಮೇಲೆ ಮೈಕಿನ ಹತ್ತಿರವೇ ಉಳಿದಿತ್ತು. ಪಂಚೆ ಮುಚ್ಚದೆ ಉಳಿದದ್ದು ನನ್ನ ಪಾದಗಳು ಮಾತ್ರ. ಅಲ್ಲಿ ಕೆಲವು ಹುಳುಗಳು ಕಚ್ಚಿದವು. ಯಾರೋ ಬಂದು ನಮ್ಮನ್ನು ಹೊರಗೆ ಎಳೆದಾಗ ಅಪ್ಪನ ಮುಖ ಅಪ್ಪನದಾಗಿರಲಿಲ್ಲ. ಕಣ್ಣು ಮುಚ್ಚಿಹೋಗಿತ್ತು. ಕಿವಿಗಳು ದಪ್ಪಗೆ ಮಡಚಿಕೊಂಡಿದ್ದವು. ಊದಿದ ಆ ತುಟಿಯಲ್ಲೇ "ಚೀಲ ಅಲ್ಲೇ ಐತೆ" ಎಂದ. ಮೊಸರನ್ನದ ಚೀಲ.

ಬೇಲೂರಿನ ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಕೊಟ್ಟು ಹಾಸನಕ್ಕೆ ಕಳಿಸಿದರು. ಅವ್ವ ಅರಸೀಕೆರೆಯಿಂದ ನೇರ ಅಲ್ಲಿಗೇ ಬಂದಳು. ನರ್ಸ್ ಚಿಮಟದಲ್ಲಿ ಒಂದೊಂದೇ ಮುಳ್ಳು ತೆಗೆದರು. ಅವರು ಹೋದ ಮೇಲೆ ಅವ್ವ ಕಿವಿಯ ಹಿಂದೆ, ಕೂದಲೊಳಗೆ ಹುಡುಕಿ ಉಗುರಿನಿಂದ ತೆಗೆಯುತ್ತಾ ಕೂತಳು. ಡಾಕ್ಟರು ನನ್ನನ್ನು ಹೊರಗೆ ಕರೆದು ನೇರವಾಗಿ ಹೇಳಿದರು: ವಿಷ ಜಾಸ್ತಿ ಸೇರಿದೆ, ಕಿಡ್ನಿ ಕೆಲಸ ನಿಲ್ಲಿಸುತ್ತಿದೆ, ಮೂತ್ರ ಬರಬೇಕು, ಬಂದರೆ ಬದುಕುತ್ತಾರೆ.

ಹಾಗೆ ನಮ್ಮ ದಿನಗಳೆಲ್ಲ ಹಾಸಿಗೆಯ ಅಂಚಿಗೆ ನೇತುಹಾಕಿದ ಒಂದು ಪ್ಲಾಸ್ಟಿಕ್ ಚೀಲಕ್ಕೆ ಬಂದು ನಿಂತವು. ಮೊದಲು ಅದರಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ಒಂದಿಷ್ಟು ಬಂತು, ಆಮೇಲೆ ಅದೂ ನಿಂತಿತು. ಡಯಾಲಿಸಿಸ್ ಶುರುಮಾಡಿದರು. ನಾನು ಬಗ್ಗಿ ಚೀಲ ನೋಡಿದಾಗಲೆಲ್ಲ ಅಪ್ಪ ಮುಖ ಆಚೆ ತಿರುಗಿಸುತ್ತಿದ್ದ. ಮಗಳು ಅದನ್ನು ನೋಡುವುದು ಅವನಿಗೆ ಕಚ್ಚಿಸಿಕೊಂಡದ್ದಕ್ಕಿಂತ ದೊಡ್ಡ ಸಂಕಟವಾಗಿತ್ತು. ಕೊನೆಗೆ ಅವ್ವನಿಗೆ ಹೇಳಿದ, "ಅದರ ಮ್ಯಾಲೆ ಒಂದ್ ಟವಲ್ ಹಾಕು." ಅವ್ವ ರೇಗಿದಳು. "ಟವಲ್ ಹಾಕುದ್ರೆ ಉಚ್ಚೆ ಬತ್ತದಾ? ಸುಮ್ನೆ ಬಿದ್ಕಳಿ." ಹಾಗೆಂದು ಹೊರಗೆ ಬಂದು, ಕಾರಿಡಾರಿನ ಬೆಂಚಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಒಳಗೆ ಹೋಗಿ ಟವಲ್ ಹಾಕಿದಳು.

ಅಪ್ಪ ಎಚ್ಚರವಿದ್ದಾಗ ಕೇಳುತ್ತಿದ್ದದ್ದು ಒಂದೇ. "ಆ ಅಡುಗೆಯೋರು ಹೆಂಗವ್ರೆ?"

ಅಡುಗೆಯವರು ಬೇರೆ ವಾರ್ಡಿನಲ್ಲಿದ್ದರು. ಮರದ ಕೆಳಗೇ ಇದ್ದವರು, ಎಲ್ಲರಿಗಿಂತ ಹೆಚ್ಚು ಕಚ್ಚಿಸಿಕೊಂಡವರು. ಆ ವಾರವೇ ತೀರಿಕೊಂಡರು. ನಾನು ಅವರ ಹೆಂಡತಿಯನ್ನು ಲಿಫ್ಟಿನ ಬಳಿ ಒಮ್ಮೆ ನೋಡಿದ್ದೆ, ಮಾತಾಡಿಸುವ ಧೈರ್ಯ ಬಂದಿರಲಿಲ್ಲ. ಅಪ್ಪನಿಗೆ "ಪರವಾಗಿಲ್ಲ, ಊರಿಗೆ ಹೋದ್ರು" ಎಂದೆವು. ಡಾಕ್ಟರೇ ಹಾಗೆ ಹೇಳಿ ಎಂದಿದ್ದರು. ಅಪ್ಪ ನನ್ನ ಮುಖವನ್ನೇ ನೋಡಿದ. ನಾನು ಓದುವಾಗ ನೋಡದ ಮನುಷ್ಯ, ಅಂದು ಕಣ್ಣು ಕೀಳಲಿಲ್ಲ.

ಒಂದು ಬೆಳಿಗ್ಗೆ ಅವ್ವ ಟವಲ್ ಎತ್ತಿ ನೋಡಿ ವಾರ್ಡಿಗೆಲ್ಲ ಕೇಳುವ ಹಾಗೆ ನನ್ನನ್ನು ಕರೆದಳು. ಚೀಲದ ತಳದಲ್ಲಿ ತಿಳಿ ಹಳದಿ ನೀರು. ಅಷ್ಟಕ್ಕೇ ಪಕ್ಕದ ಹಾಸಿಗೆಯವರೂ ಕೈಮುಗಿದರು.

ಊರಿಗೆ ಬಂದೆವು. ಬದುಕಿ ಬಂದ ಅಪ್ಪ ಬದುಕಿದವನ ಹಾಗಿರಲಿಲ್ಲ. ನೀರು ಅಳೆದು ಕುಡಿಯಬೇಕು, ಉಪ್ಪು ಕಮ್ಮಿ, ಎಳನೀರು ಮುಟ್ಟಲೇಬಾರದು. ಹಿತ್ತಿಲ ತುಂಬ ತೆಂಗಿದ್ದವನಿಗೆ ಎಳನೀರಿಲ್ಲ. ನೋಡಲು ಬಂದವರು ಅಭ್ಯಾಸಬಲದಿಂದ ಎಳನೀರನ್ನೇ ತರುತ್ತಿದ್ದರು. ಅವ್ವ ಅದನ್ನು ಬಂದವರಿಗೇ ಕೊಚ್ಚಿ ಕೊಡುತ್ತಿದ್ದಳು. ನಾನು ರಜೆ ಹಾಕಿ ಮನೆಯಲ್ಲೇ ಉಳಿದೆ. ಮಿಕ್ಸಿ ತಿರುಗಿದರೆ ಮತ್ತೆ ಆ ಹುಳುಗಳ ಸದ್ದೇ ಕೇಳಿದಂತಾಗಿ ಎದ್ದು ಹೊರಗೆ ಹೋಗುತ್ತಿದ್ದೆ. ಅವ್ವ ಚಟ್ನಿಯನ್ನು ಒರಳಿನಲ್ಲಿ ರುಬ್ಬತೊಡಗಿದಳು, ಯಾಕೆ ಎಂದು ಹೇಳದೆ. ರಾತ್ರಿ ಮೂವರಿಗೂ ನಿದ್ದೆ ಇರಲಿಲ್ಲ. ನಾನು ಕಣ್ಣು ಮುಚ್ಚಿದರೆ ಅಪ್ಪ ಎದ್ದು ನಿಲ್ಲುತ್ತಿದ್ದ, ಬೆನ್ನು ತಿರುಗಿಸುತ್ತಿದ್ದ; ಮತ್ತೆ ಅಲ್ಲಿಂದಲೇ ಶುರು. ಪಕ್ಕದ ಕೋಣೆಯಲ್ಲಿ ಅಪ್ಪ ಮಗ್ಗುಲು ಬದಲಿಸುವುದು ಕೇಳುತ್ತಿತ್ತು. ಅವ್ವ ಇಬ್ಬರ ಬಾಗಿಲಿಗೂ ಬಂದು ನಿಂತು ಹೋಗುತ್ತಿದ್ದಳು.

ಕವಿ ಮಿತ್ರರೊಬ್ಬರು ಫೋನು ಮಾಡಿ, ಈ ಅನುಭವ ದೊಡ್ಡ ಪದ್ಯ ಆಗುತ್ತದೆ, ಬರೆಯಿರಿ ಎಂದರು. ಫೋನಿಟ್ಟೆ. ನಾನು ಅಂದು ಓದುತ್ತಿದ್ದ ಪದ್ಯವನ್ನು ಆಮೇಲೆ ತೆಗೆದು ನೋಡಿದ್ದೇನೆ. ಅದರಲ್ಲಿ ಅಪ್ಪ ಆಡದ ಮಾತುಗಳೆಲ್ಲ ಇವೆ. ಮೈಕಿನವನಿಗೆ ಕೊಡಿಸಿದ ಟೀ ಇಲ್ಲ, ಜೀರಿಗೆ ನೀರು ಇಲ್ಲ, ಮರ ನೋಡುತ್ತಾ ಕೂತದ್ದು ಇಲ್ಲ. ಅವು ಪದ್ಯಕ್ಕೆ ಬೇಕಾದವು ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

ಕೊಬ್ಬರಿ ಕೊಳ್ಳಲು ಬಂದ ಒಬ್ಬ ವ್ಯಾಪಾರಿ ಜಗಲಿಯಲ್ಲಿ ಕೂತು ಮಾತಿಗೆ ಮಾತು ಬಂದು, "ಪಾಪ, ಆ ಹಗರೆಯ ಅಡುಗೆಯೋರು ಹೋಗ್ಬಿಟ್ರಲ್ಲ, ನೀವು ಪುಣ್ಯ ಮಾಡಿದ್ರಿ ಕಣ್ರೀ" ಎಂದುಬಿಟ್ಟ. ಅಪ್ಪ ತಲೆಯಾಡಿಸಿದ. ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನವೂ ಮಾಡಲಿಲ್ಲ. ಡಾಕ್ಟರು ಕಿಡ್ನಿ ಚೇತರಿಸಿಕೊಳ್ಳಬೇಕಾದರೆ ಊಟ ಬಿಡಬಾರದು ಎಂದಿದ್ದರು. ಕೈಗೆ ಸಿಕ್ಕ ಅಪ್ಪ ಮತ್ತೆ ಜಾರುತ್ತಿದ್ದ. ಅವ್ವ ತಟ್ಟೆ ಹಿಡಿದು ಎದುರಿಗೆ ಕೂತಳು.

"ಯಾಕ್ ಹಿಂಗ್ ಮಾಡ್ತೀರಿ? ನೀವೇನ್ ಅವ್ರನ್ನ ಸಾಯ್ಸುದ್ರಾ?"

ಅಪ್ಪ ಅವಳ ಕೈಯ ತಟ್ಟೆಯನ್ನು ಆಚೆಗೆ ಸರಿಸಿದ. ಆಮೇಲೆ ಹೇಳಿದ. ಆ ಪಂಚೆ ಅನ್ನದ ಮೇಲಿರಲಿಲ್ಲ. ಅಡುಗೆಯವರ ಕೈಯಲ್ಲಿತ್ತು. ಅವರು ತಲೆಗೆ ಹಾಕಿಕೊಳ್ಳಲೆಂದು ಎಳೆದುಕೊಂಡಿದ್ದರು. ಅಪ್ಪ ಅದನ್ನು ಕಿತ್ತುಕೊಂಡು ಓಡಿಬಂದಿದ್ದ.

ಅವ್ವ ತಟ್ಟೆ ಕೆಳಗಿಟ್ಟಳು. ನನ್ನ ಕಡೆ ನೋಡಲಿಲ್ಲ. ನಾನೂ ಅವಳ ಕಡೆ ನೋಡಲಿಲ್ಲ.

ಹಗರೆಗೆ ಹೋಗುತ್ತೇನೆ ಎಂದು ಅಪ್ಪ ಹಟ ಹಿಡಿದ. ಬೇಡ ಎಂದು ಅವ್ವ ಜಗಳವಾಡಿದಳು. ಕೊನೆಗೆ ನಾನು ಕರೆದುಕೊಂಡು ಹೋದೆ. ರಸ್ತೆಯಿಂದ ಸ್ವಲ್ಪ ಒಳಗೆ ಶೀಟಿನ ಮನೆ, ಪಕ್ಕದಲ್ಲಿ ಎರಡು ಹಸುಗಳ ಕೊಟ್ಟಿಗೆ. ಅಡುಗೆಯವರ ಹೆಂಡತಿ ಸಗಣಿ ಬಾಚುತ್ತಿದ್ದವರು ಕೈ ತೊಳೆದುಕೊಂಡು ಬಂದು ಚಾಪೆ ಹಾಸಿದರು. ನಾವು ಯಾರು ಎಂದು ಅಪ್ಪ ಹೇಳಿದ. ಸಂತಾಪ ಹೇಳಲು ಬಂದವರು ಎಂದುಕೊಂಡು ಅವರು ತಲೆಯಾಡಿಸಿದರು. ಅಪ್ಪ ನೀರು ಕೂಡ ಮುಟ್ಟದೆ ಪಂಚೆಯ ವಿಷಯ ಹೇಳಿಬಿಟ್ಟ.

"ಅವ್ರು ಕೊಟ್ರಾ?" ಎಂದು ಕೇಳಿದರು ಆಕೆ.

"ಇಲ್ಲ ಕಣಮ್ಮ. ಬಿಡ್ಲಿಲ್ಲ. ನಾನೇ ಎಳ್ಕೊಂಡೆ."

"ಅದೊಂದು ಇದ್ದಿದ್ರೆ ಉಳೀತಿದ್ರಾ?"

"ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ. ಮತ್ತೆ ಯಾಕ್ ಹೇಳ್ತಿದ್ದೀರಿ ಇದ್ನ? ಇದ್ನ ಇಟ್ಕೊಂಡ್ ನಾನೇನ್ ಮಾಡ್ಲಿ?" ಆಕೆಯ ದನಿ ಏರಿತು. ಕೊಟ್ಟಿಗೆಯಲ್ಲಿ ಹಸು ತಿರುಗಿ ನೋಡಿತು.

ಅಪ್ಪ ಎರಡೂ ಕೈಯನ್ನು ಮಂಡಿಯ ಮೇಲೆ ಊರಿದ. "ನನ್ ಮಗಳು ಅಲ್ಲಿ ಮ್ಯಾಲೆ ನಿಂತಿದ್ಲು ಕಣಮ್ಮ. ಇವ್ಳು ಬಿಟ್ರೆ ನಂಗೆ ಪರ್ಪಂಚದಲ್ಲಿ ಇನ್ಯಾರೂ ಕಾಣ್ಲಿಲ್ಲ. ನಿಮ್ ಯಜಮಾನ್ರೂ ಕಾಣ್ಲಿಲ್ಲ. ಒಂದ್ ಕೈ ಕಾಣ್ತು, ಬಟ್ಟೆ ಕಾಣ್ತು, ಅಷ್ಟೆ."

ನನ್ನ ಬಗ್ಗೆ ಅಪ್ಪ ಅಂಥ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದನ್ನು ಅವನು ನನಗೆ ಹೇಳಲಿಲ್ಲ. ಅದಕ್ಕೆ ಬೆಲೆ ತೆತ್ತ ಹೆಂಗಸಿಗೆ ಹೇಳಿದ. ನಾನು ಚಾಪೆಯ ಅಂಚು ನೋಡುತ್ತಾ ಕೂತೆ. ಸಂತೋಷಪಡುವ ಜಾಗ ಅದಾಗಿರಲಿಲ್ಲ.

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ನಿಂಗೆಷ್ಟು ಕಚ್ಚಿದ್ವವ್ವ?"

"ಕಾಲಿಗೆ ಮಾತ್ರ."

"ಕಾಲಿಗೆ ಮಾತ್ರ" ಎಂದು ಆಕೆಯೂ ಹೇಳಿದರು. ಎದ್ದು ಒಳಗೆ ಹೋದರು.

ಬಹಳ ಹೊತ್ತು ಬರಲಿಲ್ಲ. ಒಳಗೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಹೊರಡೋಣ ಎಂದು ನಾನು ಅಪ್ಪನ ತೋಳು ಹಿಡಿದು ಎಬ್ಬಿಸುವಾಗ ಬಾಗಿಲಿಗೆ ಬಂದರು. ಕಣ್ಣು ಕೆಂಪಾಗಿತ್ತು.

"ಕೂತ್ಕಳಿ. ಅನ್ನ ಮಾಡೋ ಮನೆ ಇದು. ಯಾರ್ನೂ ಹಸ್ಕೊಂಡ್ ಕಳ್ಸಿಲ್ಲ ಅವ್ರು."

ಅನ್ನ, ಹುರುಳಿಕಾಳಿನ ಸಾರು. ಉಪ್ಪು ಕಮ್ಮಿ ಇರಬೇಕು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಪ್ಪ ತಲೆಯೆತ್ತದೆ ತಿಂದ. ಬಡಿಸಿದ್ದನ್ನೆಲ್ಲ ತಿಂದ. ಆಕೆ ಎರಡನೆಯ ಸಲ ಬಡಿಸಲು ಬಂದಾಗಲೂ ಕೈ ಅಡ್ಡ ಹಿಡಿಯಲಿಲ್ಲ. ಹೊರಡುವಾಗ ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ, ನಾವು ಕೇಳಲೂ ಇಲ್ಲ.

"ಇದ್ನ ನನ್ ಮಕ್ಳಿಗೆ ಹೇಳ್ಬೇಡಿ. ನನ್ ಹತ್ರಾನೇ ಇರ್ಲಿ" ಎಂದರು. ಆಮೇಲೆ ಅಪ್ಪನಿಗೆ, "ನೀವೂ ಇನ್ನ ಯಾರಿಗೂ ಹೇಳ್ಕೊಂಡ್ ತಿರುಗ್ಬೇಡಿ. ಹೇಳ್ಬೇಕಾದೋಳಿಗೆ ಹೇಳಿದ್ರಿ. ಹೋಗಿ."

ಆಕೆಯ ಮಾತು ಮೀರಿ ನಾನೀಗ ಬರೆಯುತ್ತಿದ್ದೇನೆ ಎಂದು ಓದುವವರಿಗೆ ಅನ್ನಿಸಬಹುದು. ಆಕೆಯ ಮಕ್ಕಳು ದೊಡ್ಡವರಾದ ಮೇಲೆ ಆಕೆಯೇ ಅವರಿಗೆ ಹೇಳಿ, ಇನ್ನು ಬರೆಯಬಹುದು ಎಂದು ನನಗೂ ಹೇಳಿಕಳಿಸಿದರು. ಆಮೇಲೆಯೇ ಪೆನ್ನು ಹಿಡಿದೆ.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ಸಂಜೆಗೆ ಮನೆ ಸೇರಿದೆವು. ಅವ್ವ ಏನಾಯಿತು ಎಂದು ಕೇಳಲಿಲ್ಲ. ಅಪ್ಪ "ಉಂಡ್ಕೊಂಡ್ ಬಂದೆ" ಎಂದ, ಅಷ್ಟಕ್ಕೇ ಅವಳ ಭುಜ ಇಳಿಯಿತು.

ಮರುದಿನ ನನ್ನನ್ನು ಎಬ್ಬಿಸಿದ್ದು ಬಾಗಿಲು ಬಡಿಯುವ ಸದ್ದು. ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ಪಕ್ಕದ ಮನೆಯಾಕೆ ಗಾಬರಿಯಿಂದ ಕೂಗುತ್ತಿದ್ದರು. "ಏನ್ರೇ, ಎಲ್ಲಾ ಸರಿಯಾಗಿದ್ದೀರಾ? ಇಷ್ಟೊತ್ತಾದ್ರೂ ಬಾಗ್ಲಿಗೆ ನೀರು ಹಾಕಿಲ್ಲ!" ಬಾಗಿಲಿಗೆ ಹೋಗದೆ ಅಪ್ಪನ ಕೋಣೆಗೆ ಓಡಿದೆ. ಅವನು ಗೋಡೆಯ ಕಡೆ ತಿರುಗಿ ಬಾಯಿ ತೆರೆದು ಮಲಗಿದ್ದ. ಮಂಚದ ಪಕ್ಕ ನೆಲದಲ್ಲಿ ಚಾಪೆಯ ಮೇಲೆ ಅವ್ವ. ಇಬ್ಬರ ಉಸಿರೂ ಕೇಳಿಸಿತು. ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡೆ. ಆಮೇಲೆ ಬಾಗಿಲು ತೆರೆದು, ಮೆಲ್ಲಗೆ, ಎಲ್ಲರೂ ಇನ್ನೂ ಮಲಗವ್ರೆ ಕಣಕ್ಕ ಎಂದೆ.